ಕೃಷ್ಣೆಯ ಹೂಳಿನ ಬೆನ್ನುಹತ್ತಿ: ಸೇತುವೆಯಿಂದ ಆಳಗಡಲಿನವರೆಗೆ

ಕಳೆದ ತಿಂಗಳು ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಕೃಷ್ಣಾ ಮತ್ತು ಅದರ ಉಪನದಿಗಳು ಹೊತ್ತೊಯ್ಯುವ ಹೂಳು ಬಂಗಾಳ ಕೊಲ್ಲಿಯ ಆಳಕ್ಕೆ ಹೇಗೆ ಮುಟ್ಟುತ್ತದೆ, ಯಾವಾಗ ಮುಟ್ಟುತ್ತದೆ ಎಂಬುದು ನನ್ನ ವಿಷಯ. ಇದೇ ದಾರಿ ಹಿಡಿದಿರುವ ಜೂನಿಯರ್‌ಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಅನುಮತಿ ಯಾರ ಹತ್ತಿರ ಕೇಳಬೇಕು, ಹೊಳೆ ನೀರಿನ ಕ್ಯಾನ್ ಊರಿಂದೂರಿಗೆ ಹೇಗೆ ಸಾಗಿಸಬೇಕು, ಹಡಗಿಗೆ ಹೋಗಲು ಏನೇನು ಕಾಗದ ಬೇಕು, ಕೈಯಿಂದ ಎಷ್ಟು ದುಡ್ಡು ಹೋಗುತ್ತದೆ. ಪಠ್ಯಪುಸ್ತಕಗಳಲ್ಲಿ ಇವುಗಳಿಗೆ ಉತ್ತರ ಸಿಗುವುದಿಲ್ಲ. ನಾನು ಒಬ್ಬೊಬ್ಬರನ್ನೇ ಕೇಳಿ, ಕಾದು, ಕೆಲವು ಸಲ ಅತ್ತು ತಿಳಿದುಕೊಂಡೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ವಿಷಯವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಪಡಿಪಾಟಲು ಯಾಕೆಂದು ಗೊತ್ತಾಗುವುದಿಲ್ಲ. ಕೃಷ್ಣೆಯ ಜಲಾನಯನದಲ್ಲಿ ಎರಡು ಲೋಕಗಳಿವೆ. ಮೇಲಿನ ಕೃಷ್ಣಾ ಮತ್ತು ಭೀಮಾ ಹರಿಯುವುದು ಬಹುಪಾಲು ದಖ್ಖನ್ ಬಸಾಲ್ಟಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಆ ಲಾವಾ ಆರಿ ಕಲ್ಲಾಗಿ, ಆ ಕಲ್ಲು ಸವೆದು ಆದದ್ದೇ ನಮ್ಮ ಎರೆಮಣ್ಣು. ತುಂಗಭದ್ರೆ ಹರಿಯುವುದು 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡದ ನೈಸ್ ಮತ್ತು ಶಿಸ್ಟ್ ಕಲ್ಲುಗಳ ಮೇಲೆ, ಅಲ್ಲಿನದು ಮಸಾರಿ, ಅಂದರೆ ಕೆಂಪು ಮಣ್ಣು. ಈ ಎರಡು ಬಗೆಯ ಕಲ್ಲುಗಳಲ್ಲಿ ನಿಯೋಡಿಮಿಯಮ್ ಧಾತುವಿನ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಒಂದಕ್ಕೊಂದು ಬಹಳ ದೂರ. ಕಲ್ಲು ಪುಡಿಯಾಗಿ, ಜೇಡಿಯಾಗಿ, ಸಾವಿರ ಕಿಲೋಮೀಟರ್ ಹರಿದು ಕಡಲ ತಳ ಸೇರಿದರೂ ಆ ಗುರುತು ಅಳಿಯುವುದಿಲ್ಲ. ಗೋದಾವರಿ ಮುಖದ ಆಚೆ ಸಮುದ್ರತಳದಿಂದ ತೆಗೆದ ಮಣ್ಣಿನ ಮೇಲೆ ಲಿವಿಯು ಗಿಯೋಸನ್ ಮತ್ತು ಸಂಗಡಿಗರು ಇದೇ ವಿಧಾನ ಬಳಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಮಧ್ಯ ಭಾರತದ ನೆಲ ಒಣಗಿದ್ದು, ಬೇಸಾಯ ಹರಡಿದ್ದು ಆ ಕೆಸರಿನಲ್ಲಿ ಕಾಣುತ್ತದೆ ಎಂದು ಅವರು ತೋರಿಸಿದ್ದರು. ಅದನ್ನು ಓದಿದ ದಿನವೇ ಕೃಷ್ಣೆಗೂ ಇದನ್ನು ಕೇಳಬೇಕು ಅನ್ನಿಸಿತು.

ನಮ್ಮ ಕಡೆ ಹೂಳು ಎಂದರೆ ಡ್ಯಾಮಿನ ಸುದ್ದಿ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗಿನ ಲೆಕ್ಕದಲ್ಲಿ 105.788ಕ್ಕೆ ಇಳಿದಿದೆ. ರೈತರಿಗೆ ಅದು ಎರಡನೇ ಬೆಳೆಗೆ ಸಿಗದೆ ಹೋದ ನೀರು. ನನ್ನಂಥವರಿಗೆ ಅದರ ಜೊತೆಗೆ ಇನ್ನೊಂದು ಲೆಕ್ಕ: ಕಡಲಿಗೆ ತಲುಪದೇ ಉಳಿದ ಮಣ್ಣು. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳೂ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಇವತ್ತಿನ ನದಿಯ ಮಣ್ಣನ್ನೂ ಹಳೆಯ ಸಮುದ್ರದ ಮಣ್ಣನ್ನೂ ಎದುರುಬದುರು ಇಟ್ಟು ನೋಡಬೇಕಿತ್ತು. ನದಿಗೂ ಹೋಗಬೇಕು, ಹಡಗನ್ನೂ ಹತ್ತಬೇಕು.

ನದಿಯಿಂದ ಶುರು ಮಾಡಿದೆ. ದೇವಸೂಗೂರಿನ ಬಳಿ ಭೀಮಾ ಕೂಡಿದ ಮೇಲಿನ ಕೃಷ್ಣಾ, ಮಂತ್ರಾಲಯದ ಬಳಿ ತುಂಗಭದ್ರಾ: ಈ ಎರಡು ಜಾಗ ಆರಿಸಿದೆ. ಎರಡೂ ಕಡೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ. ಇದು ಬಹಳ ಮುಖ್ಯ, ಯಾಕೆಂದರೆ ನೀವು ತೆಗೆದ ಮಾದರಿಯ ದಿನ ನದಿಯಲ್ಲಿ ಎಷ್ಟು ನೀರಿತ್ತು ಎಂಬ ಲೆಕ್ಕ ಆಯೋಗದ ದಾಖಲೆಯಿಂದ ಸಿಗುತ್ತದೆ. ಕೃಷ್ಣೆಯಂಥ ದಕ್ಷಿಣದ ನದಿಗಳ ಹಳೆಯ ಅಂಕಿಅಂಶ ಇಂಡಿಯಾ-ಡಬ್ಲ್ಯುಆರ್‌ಐಎಸ್ ಜಾಲತಾಣದಲ್ಲಿದೆ; ಗಂಗಾ, ಬ್ರಹ್ಮಪುತ್ರ, ಸಿಂಧೂ ಜಲಾನಯನಗಳದ್ದು ಹಾಗೆ ಮುಕ್ತವಲ್ಲ, ಅದಕ್ಕೆ ಬೇರೆ ಮುಚ್ಚಳಿಕೆ ಬರೆದುಕೊಡಬೇಕು. ವಿಷಯ ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಆಯೋಗದವರು ತೇಲುಹೂಳನ್ನು ಮೂರು ದರ್ಜೆಯಾಗಿ ಅಳೆಯುತ್ತಾರೆ: 0.2 ಮಿ.ಮೀ.ಗಿಂತ ದಪ್ಪದ್ದು, 0.075ರಿಂದ 0.2ರವರೆಗಿನದು, ಅದಕ್ಕಿಂತ ನುಣ್ಣನೆಯದು. ನಿಮ್ಮ ಜರಡಿಗಳನ್ನೂ ಇದೇ ಅಳತೆಗೆ ಹೊಂದಿಸಿಕೊಂಡರೆ ಮುಂದೆ ಹೋಲಿಕೆ ಸಲೀಸು.

ಅನುಮತಿಯ ಪಾಡು ಬೇರೆಯೇ. ನದಿಯ ನೀರು ಎತ್ತಲು ಯಾರ ಅಪ್ಪಣೆ ಬೇಕು ಎಂದು ನೀವು ಕೇಳಬಹುದು. ದಂಡೆಯಲ್ಲಿ ನಿಂತು ಒಂದು ಬಾಟಲಿ ತುಂಬಿಕೊಂಡರೆ ಯಾರೂ ಕೇಳುವುದಿಲ್ಲ. ಪ್ರವಾಹದ ಹೊತ್ತಿನಲ್ಲಿ ಹೆದ್ದಾರಿ ಸೇತುವೆಯ ಮೇಲೆ ಹಗ್ಗ, ಕ್ಯಾನ್, ಭಾರದ ಉಪಕರಣ ಇಟ್ಟುಕೊಂಡು ನಿಂತರೆ ಪೊಲೀಸರು ಬಂದೇ ಬರುತ್ತಾರೆ, ಬರಲೂಬೇಕು. ನಾನು ಮಾರ್ಚ್‌ನಲ್ಲೇ ಅರ್ಜಿ ಕೊಟ್ಟಿದ್ದೆ. ಒಂದು ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಾ ಉಳಿಯಿತು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಪತ್ರ ಕೈಗೆ ಬಂದಾಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು, ಹೊಳೆ ಇಳಿದಿತ್ತು.

ಎರಡು ತಿಂಗಳು ತಡವಾದರೆ ಅಷ್ಟೇನು ಎಂದು ವಿಭಾಗದಲ್ಲೇ ಒಬ್ಬರು ಕೇಳಿದರು. ಹೂಳಿನ ಕೆಲಸದಲ್ಲಿ ಎರಡು ತಿಂಗಳು ತಡವಾಗುವುದು ಎಂದರೆ ಒಂದು ವರ್ಷ ಹೋಗುವುದು. ಮುಂಗಾರಿನ ನದಿ ವರ್ಷದ ಹೂಳಿನಲ್ಲಿ ಬಹುಭಾಗವನ್ನು ಕೆಲವೇ ದಿನಗಳ ಪ್ರವಾಹದಲ್ಲಿ ಸಾಗಿಸಿಬಿಡುತ್ತದೆ. ಉಳಿದ ತಿಂಗಳುಗಳ ತಿಳಿನೀರನ್ನು ಎಷ್ಟು ಸೋಸಿದರೂ ಆ ದಿನಗಳ ಲೆಕ್ಕ ಸಿಗುವುದಿಲ್ಲ. ಆ ಸಂಜೆ ಖಾಲಿ ಕ್ಯಾನ್‌ಗಳನ್ನು ಹಾಸ್ಟೆಲಿಗೆ ವಾಪಸು ಹೊತ್ತುತಂದು ಕೂತಾಗ ಆದ ಸಂಕಟವನ್ನು ನಾನು ಇವತ್ತಿಗೂ ಮರೆತಿಲ್ಲ. ಪ್ರೋಗ್ರೆಸ್ ರಿಪೋರ್ಟಿನಲ್ಲಿ ಏನು ಬರೆಯುವುದು ಎಂಬ ಚಿಂತೆಗಿಂತ, ಎದುರಿಗೇ ಹರಿದುಹೋದ ಮಣ್ಣು ಮತ್ತೆ ಸಿಗುವುದಿಲ್ಲವಲ್ಲ ಎಂಬುದೇ ಹೆಚ್ಚು ಕಾಡಿತು.

ಮುಂದೆ ಬರುವವರಿಗೆ: ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ. ಪತ್ರಕ್ಕೆ ಗೈಡ್ ಸಹಿ ಸಾಲದು, ವಿಶ್ವವಿದ್ಯಾಲಯದ ಕುಲಸಚಿವರ ಸಹಿ ಇರಲಿ. ಯಾವ ಸೇತುವೆ, ಯಾವ ತಿಂಗಳು, ಎಷ್ಟು ಲೀಟರ್, ಯಾವ ಉಪಕರಣ, ಎಷ್ಟು ಜನ ಎಂದು ಒಂದೇ ಪುಟದಲ್ಲಿ ಬರಲಿ. ಒಂದು ಪ್ರತಿ ಕನ್ನಡದಲ್ಲಿರಲಿ. ನಕಲನ್ನು ನೀವೇ ಹೋಗಿ ಆ ಸರಹದ್ದಿನ ಪೊಲೀಸ್ ಠಾಣೆಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮಂತ್ರಾಲಯ ಆಂಧ್ರಕ್ಕೆ ಸೇರಿದ್ದು. ರಾಜ್ಯದ ಗಡಿ ದಾಟುವ ನದಿಯಾದರೆ ಅತ್ತ ಕಡೆ ಎಲ್ಲವನ್ನೂ ಹೊಸದಾಗಿ ಮಾಡಬೇಕು.

ಮರುವರ್ಷ ಜೂನ್‌ನಿಂದಲೇ ರಾಯಚೂರಿನಲ್ಲಿ ಕೋಣೆ ಹಿಡಿದು ಕಾದೆ. ಕೃಷ್ಣೆಯ ಹೊಳೆ ಈಗ ಮಳೆಗಿಂತ ಕ್ರಸ್ಟ್ ಗೇಟ್ ನೋಡಿ ಬರುತ್ತದೆ. ನಾರಾಯಣಪುರದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದನ್ನು ಬೆಳಿಗ್ಗೆ ಎದ್ದಕೂಡಲೇ ನೋಡುವುದು ಅಭ್ಯಾಸವಾಯಿತು. ದಂಡೆಯ ಊರಿನ ಹಿರಿಯ ಮೀನುಗಾರರೊಬ್ಬರು ನನ್ನ ಕ್ಯಾನುಗಳನ್ನು ನೋಡಿ, "ಯವ್ವಾ, ಹೊಳಿ ತುಂಬಿದ ಮ್ಯಾಲ ಬಂದ್ರ ಏನೈತಿ? ಹೊಸ ನೀರು ಏರ್ತಿರ್ತದಲ, ಆವಾಗ ಹಿಡಿ. ರಾಡಿ ಎಲ್ಲ ಅದ್ರಾಗ ಹೋಗ್ತದ" ಎಂದರು. ಅವರ ಮಾತು ಅಕ್ಷರಶಃ ನಿಜ. ನೀರು ತನ್ನ ಗರಿಷ್ಠ ಮಟ್ಟ ಮುಟ್ಟುವ ಮೊದಲೇ ಹೂಳಿನ ಪ್ರಮಾಣ ಗರಿಷ್ಠಕ್ಕೆ ಹೋಗಿ ಇಳಿಯತೊಡಗುವುದು ಎಷ್ಟೋ ನದಿಗಳಲ್ಲಿ ಕಂಡುಬಂದಿದೆ. ಬೇಸಿಗೆಯಿಡೀ ದಂಡೆಯಲ್ಲೂ ತಳದಲ್ಲೂ ಬಿದ್ದಿದ್ದ ಸಡಿಲ ಮಣ್ಣನ್ನು ಏರುವ ನೀರೇ ಗುಡಿಸಿಕೊಂಡು ಹೋಗಿರುತ್ತದೆ. ಹಾಗಾಗಿ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಏರುವಾಗಲೇ ಬರಬೇಕು.

ಇನ್ನೊಂದು ಸಂಗತಿ. ಬಕೆಟ್ ಇಳಿಸಿ ಮೇಲ್ಮೈ ನೀರು ಎತ್ತಿದರೆ ಸಿಗುವುದು ಜೇಡಿ ಮಾತ್ರ. ಜೇಡಿ ಮೇಲಿನಿಂದ ತಳದವರೆಗೆ ಹೆಚ್ಚುಕಡಿಮೆ ಸಮನಾಗಿ ಬೆರೆತಿರುತ್ತದೆ, ಮರಳು ತಳಕ್ಕೆ ಹತ್ತಿರವೇ ಓಡುತ್ತದೆ. ಅದನ್ನು ಹಿಡಿಯಲು ಸೆಳವಿನಲ್ಲೂ ನೇರ ಇಳಿಯುವಷ್ಟು ಭಾರದ ಉಪಕರಣ ಬೇಕು. ಕೊಳ್ಳುವ ಬೆಲೆ ಕೇಳಿ ಆಸೆ ಬಿಟ್ಟೆ. ರಾಯಚೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಚಿತ್ರ ಬರೆದು ತೋರಿಸಿ, ಬಾಟಲಿ ಕೂರುವ ಕಬ್ಬಿಣದ ಚೌಕಟ್ಟು, ಅಡಿಗೆ ಸೀಸದ ಗುಂಡು, ಮೇಲೆ ಹಗ್ಗ ಜಗ್ಗಿದರೆ ತೆರೆಯುವ ಬಿರಡೆ ಮಾಡಿಸಿಕೊಂಡೆ. ಕೊಳ್ಳುವುದಕ್ಕೆ ಆಗುತ್ತಿದ್ದ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು, ಕಡೆಯವರೆಗೂ ಕೈಕೊಡಲಿಲ್ಲ. ಖರ್ಚಾದದ್ದು ಆಟೊ ಬಾಡಿಗೆಗೆ, ಹಗ್ಗ ಹಿಡಿಯಲು ಬರುತ್ತಿದ್ದ ಇಬ್ಬರು ಹುಡುಗರ ದಿನಗೂಲಿಗೆ, ಕಾಯುವ ದಿನಗಳ ಕೋಣೆ ಬಾಡಿಗೆಗೆ. ಕಾಯುವ ದಿನಕ್ಕೆ ಬಿಲ್ ತೋರಿಸಲು ಬರುವುದಿಲ್ಲ, ಅದನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳಿ. ಹೊಳೆ ಬಂದಾಗ ತೆಪ್ಪ, ಹರಿಗೋಲು ಹತ್ತುವ ಮಾತೇ ಬೇಡ. ಯಾರಾದರೂ ಕರೆದೊಯ್ಯುತ್ತೇನೆಂದರೂ ಒಪ್ಪಬೇಡಿ.

ತುಂಬಿದ ಕ್ಯಾನ್ ಸಾಗಿಸುವುದೇ ಒಂದು ಕೆಲಸ. ಕೊರಿಯರ್‌ನವರು ದ್ರವ ಎಂದಕೂಡಲೇ ಬೇಡ ಅನ್ನುತ್ತಾರೆ. ವಿಭಾಗದ ಲೆಟರ್‌ಹೆಡ್ಡಿನಲ್ಲಿ 'ನದಿ ನೀರು ಮತ್ತು ಮಣ್ಣು, ರಾಸಾಯನಿಕವಿಲ್ಲ, ಮಾರಾಟಕ್ಕಲ್ಲ' ಎಂದು ಬರೆಸಿಕೊಂಡ ಮೇಲೆ ಸರಕು ಸಾಗಣೆಯವರು ಒಪ್ಪಿಕೊಂಡರು. ಹೆಸರು ಬರೆಯಲು ಮಾರ್ಕರ್ ನಂಬಬೇಡಿ, ಒದ್ದೆ ಕೈ ತಾಗಿ ಅಳಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಒಂದನ್ನು ಒಳಗೆ ಹಾಕಿ, ಇನ್ನೊಂದನ್ನು ಹಿಡಿಗೆ ಕಟ್ಟಿ.

ಪ್ರಯೋಗಾಲಯಕ್ಕೆ ಬಂದ ಮೇಲೆ ಮತ್ತೆ ಕಾಯುವುದು. 0.45 ಮೈಕ್ರಾನಿನ ಸೋಸುಹಾಳೆ ಎರೆಮಣ್ಣಿನ ಜೇಡಿಗೆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಐಸೊಟೋಪ್ ಪರೀಕ್ಷೆಗೆ ಹೆಚ್ಚು ಮಣ್ಣು ಬೇಕಾದ್ದರಿಂದ ತಾನಾಗಿ ತಳಕ್ಕಿಳಿಯಲು ಬಿಡುವುದೇ ದಾರಿ. ಎರಡು ಮೈಕ್ರಾನ್ ಗಾತ್ರದ ಕಣ ನಿಂತ ನೀರಿನಲ್ಲಿ ದಿನಕ್ಕೆ ಇಳಿಯುವುದು ಸುಮಾರು 30 ಸೆಂಟಿಮೀಟರ್. ಕ್ಯಾನ್ ಅಲುಗಿದರೆ ಮತ್ತೆ ಮೊದಲಿನಿಂದ. ಆ ದಿನಗಳಲ್ಲೇ ಕೂತು ಒಂದು ಲೆಕ್ಕ ಹಾಕಿದೆ: ಇದೇ ವೇಗದಲ್ಲಿ ಈ ಕಣ ಎರಡು ಕಿಲೋಮೀಟರ್ ಆಳದ ಕಡಲ ತಳ ಮುಟ್ಟಲು ಹದಿನೇಳು ವರ್ಷಕ್ಕೂ ಹೆಚ್ಚು ಬೇಕು. 0.2 ಮಿ.ಮೀ. ಮರಳಿನ ಕಣಕ್ಕೆ ಒಂದು ದಿನ ಮತ್ತು ಕೆಲವು ಗಂಟೆ ಸಾಕು. ಆದರೆ ಮರಳು ದಡದಿಂದ ದೂರ ತೇಲಿಹೋಗಲಾರದು. ಹಾಗಾದರೆ ಆಳಗಡಲಲ್ಲಿ ಮರಳೂ ಜೇಡಿಯೂ ಹೇಗೆ ಸಿಗುತ್ತವೆ?

ಜೇಡಿಗೆ ಉಪ್ಪುನೀರು ನೆರವಾಗುತ್ತದೆ. ಕಡಲು ಸೇರಿದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ಇಳಿಯುತ್ತವೆ. ಮರಳಿನ ಕಥೆ ಹೆಚ್ಚು ರೋಚಕ. ಕಡಲ ಇಳಿಜಾರಿನಲ್ಲಿ ಮಣ್ಣು ಕಲಸಿದ ಭಾರದ ನೀರು ಸುತ್ತಲಿನ ನೀರಿನ ಅಡಿಯಲ್ಲಿ ನುಗ್ಗಿ ಹರಿಯುತ್ತದೆ. ಇದಕ್ಕೆ ಟರ್ಬಿಡಿಟಿ ಪ್ರವಾಹ ಎನ್ನುತ್ತಾರೆ. 1929ರ ನವೆಂಬರ್‌ನಲ್ಲಿ ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪವಾದಾಗ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳು ಒಂದಾದ ಮೇಲೊಂದರಂತೆ ತುಂಡಾದವು, ಕಡೆಯದು ಹದಿಮೂರು ಗಂಟೆಗೂ ಹೆಚ್ಚು ತಡವಾಗಿ. ತುಂಡಾದ ಹೊತ್ತು ಮತ್ತು ದೂರ ಜೋಡಿಸಿ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ 1952ರಲ್ಲಿ ಇದು ತಳದಲ್ಲಿ ಓಡಿದ ಕೆಸರಿನ ಪ್ರವಾಹ ಎಂದು ವಿವರಿಸಿದರು. 2020ರ ಜನವರಿಯಲ್ಲಿ ಆಫ್ರಿಕಾದ ಕಾಂಗೋ ಕಣಿವೆಯಲ್ಲಿ ಇಂಥದ್ದೇ ಪ್ರವಾಹ ಸಮುದ್ರದಡಿ 1,100 ಕಿ.ಮೀ.ಗೂ ಹೆಚ್ಚು ಓಡಿ ಇಂಟರ್ನೆಟ್ ಕೇಬಲ್‌ಗಳನ್ನು ಕತ್ತರಿಸಿತು. ಅದಕ್ಕೆ ಕೆಲವೇ ವಾರ ಮೊದಲು ಕಾಂಗೋ ನದಿಯಲ್ಲಿ ದಶಕಗಳಲ್ಲೇ ದೊಡ್ಡದೆನಿಸುವ ಹೊಳೆ ಬಂದಿತ್ತು. ಇಲ್ಲೂ ಅಷ್ಟೆ: ಮಾಮೂಲಿ ದಿನಗಳು ಸಾಗಿಸುವುದು ಅಲ್ಪ, ಒಂದು ದೊಡ್ಡ ಘಟನೆ ಸಾಗಿಸುವುದು ಅಪಾರ.

ಇನ್ನು ಹಡಗು. ನಮ್ಮ ದೇಶದಲ್ಲಿ ಆಳಗಡಲ ಸಂಶೋಧನೆಗೆ ಸಾಗರ ಕನ್ಯಾ, ಸಿಂಧು ಸಾಧನಾದಂಥ ಹಡಗುಗಳಿವೆ. ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕಿ ಹತ್ತಲಾಗುವುದಿಲ್ಲ. ಯಾವುದಾದರೂ ಯೋಜನೆಗೆ ಹಡಗಿನ ಸಮಯ ಮಂಜೂರಾಗಿ, ಅದರ ಮುಖ್ಯ ವಿಜ್ಞಾನಿ ನಿಮ್ಮ ಹೆಸರು ಸೇರಿಸಬೇಕು. ನನ್ನ ಗೈಡ್ ಹಲವು ಕಡೆ ಬರೆದ ಮೇಲೆ ಒಂದು ಯೋಜನೆಯವರು, ಅವರ ಕೆಲಸದಲ್ಲಿ ಕೈಜೋಡಿಸಿದರೆ ನಮ್ಮ ಜಾಗದಲ್ಲೂ ಕೋರ್ (ಸಮುದ್ರತಳಕ್ಕೆ ಕೊಳವೆ ಇಳಿಸಿ ಎತ್ತುವ ಮಣ್ಣಿನ ಕಂಬ) ತೆಗೆಯೋಣ ಎಂದರು. ಬೇಕಾದ ಕಾಗದ: ವೈದ್ಯಕೀಯ ಪ್ರಮಾಣಪತ್ರ, ವಿಮೆ, ಹೊಣೆಗಾರಿಕೆಯ ಬಾಂಡ್, ವಿಶ್ವವಿದ್ಯಾಲಯದ ನಿಯೋಜನೆ ಪತ್ರ, ಬಂದರಿನೊಳಗೆ ಹೋಗಲು ಪಾಸ್, ಲ್ಯಾಪ್‌ಟಾಪ್ ಮತ್ತು ಉಪಕರಣಗಳ ಪಟ್ಟಿ. ಆಧಾರ್‌ನಲ್ಲಿರುವ ಹೆಸರೂ ನಿಯೋಜನೆ ಪತ್ರದ ಹೆಸರೂ ಒಂದಕ್ಷರ ಬೇರೆಯಿದ್ದರೂ ಗೇಟಿನಲ್ಲಿ ನಿಲ್ಲಿಸುತ್ತಾರೆ. ನನ್ನ ಜೊತೆಯವರೊಬ್ಬರಿಗೆ ಅರ್ಧ ದಿನ ಹೋಯಿತು.

ಹೊರಡುವ ದಿನಾಂಕ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ವಾಯುಭಾರ ಕುಸಿತದ ಸುದ್ದಿ ಬಂದಾಗಲೆಲ್ಲ ಬಂದರಿನ ಬಳಿಯ ಲಾಡ್ಜಿನಲ್ಲಿ ಇನ್ನೂ ನಾಲ್ಕು ದಿನ. ಲಾಡ್ಜಿನ ಖರ್ಚನ್ನು ಕೈಯಿಂದಲೇ ಹಾಕಿದೆ. ದಿನಾಂಕ ಗಟ್ಟಿಯಾಗುವವರೆಗೆ ವಾಪಸಾಗುವ ಟಿಕೆಟ್ ತೆಗೆಯಬೇಡಿ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಬಂದರು ಬಿಡುವ ಮೊದಲೇ ನುಂಗಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಮೊದಲ ಎರಡು ರಾತ್ರಿ ನಾನು ಬರೀ ಅನ್ನ-ಮೊಸರಿನಲ್ಲಿ ಕಳೆದೆ. ಮೂರನೆಯ ದಿನಕ್ಕೆ ಮೈ ಒಗ್ಗಿತು.

ಕೋರ್ ತೆಗೆಯುವ ಉಪಕರಣ ನೋಡಲು ಸರಳ: ಉದ್ದನೆಯ ಕಬ್ಬಿಣದ ಕೊಳವೆ, ಒಳಗೆ ಪಿವಿಸಿ ಪೈಪು, ನೆತ್ತಿಯ ಮೇಲೆ ಭಾರ. ವಿಂಚಿನಿಂದ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಬಿಟ್ಟರೆ ಎರಡು ಕಿ.ಮೀ. ಇಳಿಯಲು ಅರ್ಧ ಗಂಟೆಗೂ ಹೆಚ್ಚು, ಮೇಲೆ ಬರಲು ಮತ್ತೆ ಅಷ್ಟೇ. ಆ ಹೊತ್ತಿನಲ್ಲಿ ಯಾರಿಗೂ ಮಾತು ಬರುವುದಿಲ್ಲ, ಎಲ್ಲರ ಕಣ್ಣೂ ಹಗ್ಗದ ಎಳೆತದ ಮೀಟರಿನ ಮೇಲೆ. ನಮ್ಮ ಜಾಗದ ಮೊದಲ ಕೋರ್ ಖಾಲಿ ಬಂತು. ಬಾಯಿಯ ತಗಡಿನ ಹಲ್ಲುಗಳಲ್ಲಿ ನಾಲ್ಕು ಚಿಟಿಕೆ ಮರಳು ಸಿಕ್ಕಿಕೊಂಡಿತ್ತು, ಅಷ್ಟೇ. ನನಗೆ ಎದೆ ಒಡೆದಂತಾಯಿತು. ಮುಖ್ಯ ವಿಜ್ಞಾನಿ ಮಾತ್ರ ಆ ಮರಳನ್ನು ಅಂಗೈಯಲ್ಲಿಟ್ಟು ನೋಡಿ, "ಇದು ಕಾಲುವೆಯ ತಳ. ಮರಳಿಗೆ ಈ ಕೊಳವೆ ಇಳಿಯಲ್ಲ, ಇಳಿದರೂ ಜಾರಿಹೋಗುತ್ತೆ. ದಂಡೆಗೆ ಹೋಗೋಣ" ಎಂದರು. ಸಮುದ್ರತಳದ ಕಾಲುವೆಗೂ ಹೊಳೆಯಂತೆ ದಂಡೆಯಿದೆ. ಪ್ರವಾಹ ಉಕ್ಕಿದಾಗ ಜೇಡಿಯೂ ರೇವೆಯೂ (ಜೇಡಿಗಿಂತ ದಪ್ಪ, ಮರಳಿಗಿಂತ ನುಣ್ಣನೆಯ ಮಣ್ಣು) ಅಲ್ಲಿ ಪದರ ಪದರವಾಗಿ ಕೂರುತ್ತವೆ. ಹಡಗು ಸ್ವಲ್ಪ ಸರಿಯಿತು. ಎರಡನೆಯದು ಭಾರವಾಗಿ ಬಂತು. ಹಡಗಿನ ಹಿಂಬದಿಯಲ್ಲಿ ನಿಂತಿದ್ದ ನಮ್ಮೆಲ್ಲರ ಕೈಕಾಲು, ಮುಖವೆಲ್ಲ ತಣ್ಣನೆಯ ಬೂದು-ಹಸಿರು ಕೆಸರು. ಪೈಪನ್ನು ಒಂದೊಂದು ಮೀಟರಿಗೆ ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಮೇಲ್ತುದಿ ಯಾವುದೆಂದು ಬಾಣದ ಗುರುತು ಹಾಕಿ ನಾಲ್ಕು ಡಿಗ್ರಿಯ ಶೀತಕೋಣೆಗೆ ಸೇರಿಸುವವರೆಗೆ ಯಾರೂ ಊಟಕ್ಕೆ ಹೋಗಲಿಲ್ಲ. ಆ ಬಾಣದ ಗುರುತನ್ನು ಪೈಪು ಕತ್ತರಿಸುವ ಮೊದಲೇ ಉದ್ದಕ್ಕೂ ಹಾಕಿಬಿಡಿ.

ದಡಕ್ಕೆ ಬಂದ ಮೇಲೆ ಕೋರ್ ಸೀಳಿದ ದಿನವನ್ನು ಹೇಳಲೇಬೇಕು. ಪೈಪನ್ನು ಎರಡೂ ಬದಿ ಕೊಯ್ದು, ನಡುವೆ ತೆಳುವಾದ ತಂತಿ ಎಳೆದರೆ ಮಣ್ಣು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಮೊದಲ ನೋಟಕ್ಕೆ ಎಲ್ಲ ಒಂದೇ ಬಣ್ಣದ ಜೇಡಿ. ಗಾಜಿನ ಪಟ್ಟಿಯಿಂದ ಮೇಲ್ಮೈಯನ್ನು ಅಡ್ಡಡ್ಡ ಸವರಿದಾಗ ಗೆರೆಗಳು ಮೂಡಿದವು. ಅವುಗಳಲ್ಲೊಂದು ಕಿರುಬೆರಳಿನ ಅಗಲದ್ದು: ಕೆಳಗಿನ ಅಂಚು ಚಾಕುವಿನಿಂದ ಕೊಯ್ದಷ್ಟು ಚೂಪು, ತಳದಲ್ಲಿ ನುಣ್ಣನೆಯ ಮರಳು, ಮೇಲಕ್ಕೆ ಹೋದಂತೆ ರೇವೆ, ಆಮೇಲೆ ಜೇಡಿ. ದೀಪ ಓರೆಯಾಗಿ ಹಿಡಿದರೆ ಮರಳಿನಲ್ಲಿ ಕಾಗೆಬಂಗಾರ ಮಿನುಗುತ್ತಿತ್ತು, ನಡುವೆ ಕಪ್ಪಾದ ಎಲೆ-ಕಡ್ಡಿಯ ಚೂರು. ಬಸಾಲ್ಟಿನಲ್ಲಿ ಈ ಕಾಗೆಬಂಗಾರ ಇರುವುದಿಲ್ಲ, ಅದು ನೈಸ್ ಕಲ್ಲಿನದು. ಎಲ್ಲೋ ನೆಲದ ಮೇಲೆ ಬೆಳೆದ ಗಿಡದ ಎಲೆ, ಎಲ್ಲೋ ಸವೆದ ಹಳೆಯ ಬಂಡೆಯ ಹೊಳಪು, ಎರಡೂ ಒಂದೇ ಪ್ರವಾಹದಲ್ಲಿ ಎರಡು ಕಿ.ಮೀ. ಆಳಕ್ಕೆ ಬಂದು ಕೂತಿದ್ದವು. ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತೆ.

ಆಮೇಲಿನದು ಪ್ರಯೋಗಾಲಯಗಳ ಸರದಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಜೈವಿಕ ಅಂಶ ತೆಗೆಯುವುದು, ಆಮ್ಲದಿಂದ ಸುಣ್ಣ ತೆಗೆಯುವುದು, ಲೇಸರ್ ಯಂತ್ರದಲ್ಲಿ ಕಣಗಾತ್ರ ಅಳೆಯುವುದು. ನಾನು ನಂಬಿಕೊಂಡಿದ್ದ ಯಂತ್ರ ಕೆಟ್ಟು, ಬಿಡಿಭಾಗ ಹೊರದೇಶದಿಂದ ಬರುವವರೆಗೆ ತಿಂಗಳುಗಟ್ಟಲೆ ಕಾದೆ. ಇಂಥ ಯಂತ್ರ ಇರುವ ಇನ್ನೊಂದು ಕಡೆಯೂ ಮೊದಲೇ ಪರಿಚಯ ಮಾಡಿಕೊಂಡಿರಿ, ಮತ್ತು ಒಂದೇ ಮಾದರಿಯನ್ನು ಎರಡೂ ಕಡೆ ಅಳೆದು ಹೋಲಿಸಿಡಿ. ವಯಸ್ಸು ತಿಳಿಯಲು ಸೂಕ್ಷ್ಮದರ್ಶಕದ ಕೆಳಗೆ ಫೊರಾಮಿನಿಫೆರಾ ಎಂಬ ಕಡಲಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕಬೇಕು. ಅದಕ್ಕೆ ಮರಳಿನ ಪದರ ಬೇಡ, ಪದರಗಳ ನಡುವಿನ ನಿಧಾನದ ಜೇಡಿಯಿಂದ ಹೆಕ್ಕಿ; ಪ್ರವಾಹ ತಂದ ಚಿಪ್ಪು ಎಷ್ಟು ಹಳೆಯದೋ ಹೇಳಲಾಗದು. ರೇಡಿಯೋಕಾರ್ಬನ್ ಅಳತೆಗೆ ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರ ವಿಶ್ವವಿದ್ಯಾಲಯದವರ ಅರ್ಜಿ ತೆಗೆದುಕೊಳ್ಳುತ್ತದೆ. ಎಲ್ಲಿಗೇ ಕಳಿಸಿದರೂ ಸರದಿ ಇದ್ದೇ ಇರುತ್ತದೆ, ಫೆಲೋಶಿಪ್ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ.

ವೈವಾದಲ್ಲಿ ಬಂದ ಗಟ್ಟಿ ಪ್ರಶ್ನೆ ಒಂದೇ: "ಒಂದು ಪದರ ಎಂದರೆ ಒಂದು ನದಿ ಪ್ರವಾಹ ಎಂದು ಹೇಗೆ ಹೇಳುತ್ತೀರಿ?" ಹಾಗೆ ಹೇಳಲಾಗದು ಎಂದೇ ಉತ್ತರಿಸಿದೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು, ನದಿಗಳು ಭೂಖಂಡದ ಅಂಚಿನವರೆಗೂ ಹರಿದು ನೇರ ಇಳಿಜಾರಿಗೆ ಮಣ್ಣು ಸುರಿಯುತ್ತಿದ್ದವು. ಈಗ ಬಹಳಷ್ಟು ಮಣ್ಣು ಮೊದಲು ಮುಖಜಭೂಮಿಯಲ್ಲೂ ಕರಾವಳಿಯ ಕಡಿಮೆ ಆಳದ ತಳದಲ್ಲೂ ಕೂರುತ್ತದೆ. ಎಷ್ಟೋ ವರ್ಷದ ಹೊಳೆಗಳ ಮಣ್ಣು ಅಲ್ಲಿ ಒಟ್ಟಾಗಿ, ಒಂದು ದಿನ ಚಂಡಮಾರುತಕ್ಕೋ ತನ್ನ ಭಾರಕ್ಕೋ ಕುಸಿದು ಕೆಳಗೆ ಹೋಗಬಹುದು. ಪರೀಕ್ಷಕರು ಅದನ್ನೇ ಕೊನೆಯ ಅಧ್ಯಾಯಕ್ಕೆ ಇನ್ನೊಂದು ಪುಟವಾಗಿ ಸೇರಿಸಿ ಎಂದರು. ಸೇರಿಸಿದ್ದೇನೆ. ಐಸೊಟೋಪಿನ ಫಲಿತಾಂಶಗಳು ಲೇಖನವಾಗಿ ಹೊರಬಂದ ಮೇಲೆ ಕನ್ನಡದಲ್ಲೂ ಬರೆಯುತ್ತೇನೆ.

ಹಡಗು ಸಿಗದವರು ಕೈಚೆಲ್ಲಬೇಕಿಲ್ಲ. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಅಂತರರಾಷ್ಟ್ರೀಯ ಯೋಜನೆಯಡಿ ಬಂಗಾಳ ಕೊಲ್ಲಿಯ ಬೃಹತ್ ಹೂಳುಬೀಸಣಿಗೆಯಲ್ಲೂ (ನದಿಗಳ ಹೂಳು ಬೀಸಣಿಗೆಯಂತೆ ಹರಡಿ ಕೂತ ಸಮುದ್ರತಳ) ಅರಬ್ಬಿ ಸಮುದ್ರದ ಲಕ್ಷ್ಮೀ ಬೇಸಿನ್ನಿನಲ್ಲೂ ಕೊರೆದು ತೆಗೆದ ಕೋರ್‌ಗಳು ಜಪಾನಿನ ಕೊಚ್ಚಿಯ ಸಂಗ್ರಹಾಲಯದಲ್ಲಿವೆ. ಸಂಶೋಧಕರು ಮಾದರಿ ಕೋರಿ ಬರೆಯಬಹುದು. ಯಾವ ಕೋರ್, ಎಷ್ಟು ಆಳದಿಂದ, ಎಷ್ಟು ಘನ ಸೆಂಟಿಮೀಟರ್, ಯಾವ ಪರೀಕ್ಷೆಗೆ, ಅಷ್ಟೇ ಮಣ್ಣು ಯಾಕೆ ಬೇಕು ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ. ಅದಕ್ಕೂ ಮೊದಲು ಆ ಕೋರ್‌ಗಳ ಛಾಯಾಚಿತ್ರ ಮತ್ತು ವಿವರಣೆಗಳನ್ನು ನೋಡಿ. ಅವು ಉಚಿತವಾಗಿ ಸಿಗುತ್ತವೆ. ನಮ್ಮ ಕೋರ್‌ನ ಮುಟ್ಟದೇ ಉಳಿಸಿದ ಅರ್ಧಭಾಗವೂ ಶೀತಕೋಣೆಯಲ್ಲಿದೆ, ಎರಡೂ ನದಿಗಳ ಒಣಗಿಸಿದ ಪ್ರವಾಹದ ಮಣ್ಣೂ ಇದೆ. ಜೇಡಿ ಖನಿಜಗಳ ಕೆಲಸವನ್ನು ನಾನು ಮಾಡಿಲ್ಲ. ಮಾಡುವವರು ಬಂದರೆ ಪದರಗಳ ಪಟ್ಟಿಯನ್ನೂ ನನ್ನ ಕ್ಷೇತ್ರ ಪುಸ್ತಕವನ್ನೂ ಕೊಡುತ್ತೇನೆ.